ಅನ್ನಭಾಗ್ಯದ ಲೆಕ್ಕ ಮತ್ತು ಪದವಿ ತರಗತಿಯ ಅರ್ಥಶಾಸ್ತ್ರ

ಅನ್ನಭಾಗ್ಯ ಯೋಜನೆಯಡಿ ಪ್ರತಿಯೊಬ್ಬರಿಗೂ ಹೆಚ್ಚುವರಿ 5 ಕೆ.ಜಿ. ಅಕ್ಕಿ ಕೊಡುವುದಾಗಿ ಘೋಷಿಸಿದ್ದ ಕರ್ನಾಟಕ ಸರ್ಕಾರಕ್ಕೆ 2023ರಲ್ಲಿ ಭಾರತೀಯ ಆಹಾರ ನಿಗಮದಿಂದ ಆ ಅಕ್ಕಿ ಸಿಗಲಿಲ್ಲ. ಹೀಗಾಗಿ ಆ ವರ್ಷದ ಜುಲೈಯಿಂದ ಕೆ.ಜಿ.ಗೆ 34 ರೂಪಾಯಿಯಂತೆ, ತಲೆಗೆ 170 ರೂಪಾಯಿಯನ್ನು ಫಲಾನುಭವಿ ಕುಟುಂಬಗಳ ಬ್ಯಾಂಕ್ ಖಾತೆಗೆ ಹಾಕುವ ವ್ಯವಸ್ಥೆ ಬಂತು. 2025ರ ಫೆಬ್ರುವರಿಯಲ್ಲಿ ಹಣದ ಬದಲು ಮತ್ತೆ ಅಕ್ಕಿ ಕೊಡುವ ತೀರ್ಮಾನವಾಯಿತು. ಅದೇ ವರ್ಷದ ಕೊನೆಯ ಭಾಗದಲ್ಲಿ, ಆ ಹೆಚ್ಚುವರಿ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ಸಚಿವ ಸಂಪುಟ ನಿರ್ಧರಿಸಿತು. ಅಕ್ಕಿ, ನಗದು, ಅಕ್ಕಿ, ಕಿಟ್ ಎಂಬ ಈ ಓಡಾಟದ ಉದ್ದಕ್ಕೂ ಟಿ.ವಿ. ಚರ್ಚೆಗಳಲ್ಲಿ ಕೇಳಿಬಂದದ್ದು ಒಂದೇ ಪ್ರಶ್ನೆ: ಬಡವರಿಗೆ ಯಾವುದು ಒಳ್ಳೆಯದು?

ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿದ ವಿದ್ಯಾರ್ಥಿಗೆ ಈ ಪ್ರಶ್ನೆಯನ್ನು ಬಿಡಿಸಿ ನೋಡುವ ಶಕ್ತಿ ಇರಬೇಕು. ಗ್ರಾಹಕ ವರ್ತನೆಯ ಸಿದ್ಧಾಂತವನ್ನು ಎರಡು ಸೆಮಿಸ್ಟರ್ ಓದುವುದು ಇನ್ನೇತಕ್ಕೆ? ಆದರೆ ನಮ್ಮ ಹೆಚ್ಚಿನ ಪದವಿ ಕಾಲೇಜುಗಳ ವಿದ್ಯಾರ್ಥಿಗೆ ಆ ಶಕ್ತಿ ಬಂದಿರುವುದಿಲ್ಲ. ಇದು ಅವನ ಬುದ್ಧಿಯ ಕೊರತೆಯಲ್ಲ. ಸಿದ್ಧಾಂತವನ್ನು ಕಲಿಸಿ, ಅದನ್ನು ಬಳಸುವ ಉಪಕರಣವನ್ನು ಕೈಗೆ ಕೊಡದೆ ಕಳಿಸಿರುತ್ತೇವೆ. ಉನ್ನತ ಮಟ್ಟದ ಆರ್ಥಿಕ ವಿಶ್ಲೇಷಣೆಯನ್ನು ಪದವಿ ಹಂತದಲ್ಲೇ ಕಲಿಸಬೇಕೇ ಎಂಬ ಚರ್ಚೆ, ಪದವಿ ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಜಗಳದ ನೆರಳಿನಲ್ಲಿ ಮರೆಯಾಗಿರುವುದರಿಂದ, ಅದನ್ನು ಈ ಅಕ್ಕಿಯ ಲೆಕ್ಕದಿಂದಲೇ ಶುರುಮಾಡುವುದು ಸೂಕ್ತ.

ನಾಲ್ಕು ಜನರ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಕೇಂದ್ರದ ಪಾಲಿನ ಪಡಿತರ ಹೇಗೂ ಬರುತ್ತದೆ, ಅದನ್ನು ಬದಿಗಿಡೋಣ. ರಾಜ್ಯದ ಪಾಲು ಎಂದರೆ ತಿಂಗಳಿಗೆ 20 ಕೆ.ಜಿ. ಅಕ್ಕಿ, ಇಲ್ಲವೇ 680 ರೂಪಾಯಿ. ಅಂಗಡಿಯಲ್ಲಿ ಅಂಥದೇ ಅಕ್ಕಿಗೆ ಕೆ.ಜಿ.ಗೆ 50 ರೂಪಾಯಿ ಎಂದಿಟ್ಟುಕೊಳ್ಳಿ. ಪಡಿತರ ಅಕ್ಕಿಯನ್ನು ಮಾರುವುದು ಕಾನೂನಿಗೆ ವಿರುದ್ಧ, ಆದರೂ ಊರೂರಲ್ಲಿ ಕೊಳ್ಳುವವರಿದ್ದಾರೆ. ಅವರು ಕೊಡುವ ದರ 15 ರೂಪಾಯಿ ಎಂದಿಟ್ಟುಕೊಳ್ಳಿ. ಈ ಎರಡು ದರಗಳು ಉದಾಹರಣೆಗಾಗಿ ನಾನು ಹಾಕಿಕೊಂಡ ಅಂಕಿಗಳು. ಮೂರು ಹೊತ್ತೂ ಅನ್ನ ಉಣ್ಣುವ ಮನೆಗೆ ಇನ್ನೂ 16 ಕೆ.ಜಿ. ಬೇಕಿದ್ದರೆ, ಅಕ್ಕಿ ಸಿಕ್ಕಾಗ ಅದು 800 ರೂಪಾಯಿಯ ಖರೀದಿಯನ್ನು ಉಳಿಸುತ್ತದೆ, ಮಿಕ್ಕ 4 ಕೆ.ಜಿ.ಯಿಂದ 60 ರೂಪಾಯಿ ಬರುತ್ತದೆ, ಒಟ್ಟು 860. ನಗದಿನ 680ಕ್ಕಿಂತ ಇದು ಮೇಲು. ಜೋಳದ ರೊಟ್ಟಿಯೋ ರಾಗಿ ಮುದ್ದೆಯೋ ಮುಖ್ಯವಾಗಿರುವ ಮನೆಗೆ ಬೇಕಾದದ್ದು 4 ಕೆ.ಜಿ. ಮಾತ್ರವಾದರೆ, ಖರೀದಿಯಲ್ಲಿ ಉಳಿಯುವುದು 200, ಮಾರಿದ 16 ಕೆ.ಜಿ.ಗೆ 240, ಒಟ್ಟು 440. ಇಲ್ಲಿ ನಗದು ಮೇಲು. ಒಂದೇ ಯೋಜನೆ, ಒಂದೇ ಗಾತ್ರದ ಕುಟುಂಬ, ಆದರೆ ಊಟದ ತಟ್ಟೆ ಬದಲಾದರೆ ಉತ್ತರ ತಿರುವುಮುರುವಾಗುತ್ತದೆ. ಎರಡೂ ಸಮವಾಗುವ ಬಿಂದು ಸುಮಾರು 11 ಕೆ.ಜಿ. ಎಂಬುದನ್ನು ಹೈಸ್ಕೂಲಿನ ಬೀಜಗಣಿತದಲ್ಲೇ ಕಂಡುಹಿಡಿಯಬಹುದು.

ಇಷ್ಟಕ್ಕೆ ನಿಂತರೆ ಅದು ಅಂಕಗಣಿತ. ಅರ್ಥಶಾಸ್ತ್ರ ಶುರುವಾಗುವುದು, ಮನೆಗೆ ಬೇಕಾದ ಅಕ್ಕಿಯ ಪ್ರಮಾಣ ಕಲ್ಲಿನ ಮೇಲೆ ಕೊರೆದ ಸಂಖ್ಯೆಯಲ್ಲ ಎಂದು ನೆನಪಾದಾಗ. ಮನೆಯಲ್ಲಿರುವ ಒಂದು ಕೆ.ಜಿ. ಅಕ್ಕಿಯನ್ನು ಮಾರಿದರೆ ಸಿಗುವುದು ಬರೀ 15 ರೂಪಾಯಿ ಎಂದಾದರೆ, ರೊಟ್ಟಿಯ ಮನೆಯವರೂ ವಾರಕ್ಕೆರಡು ಸಲ ಹೆಚ್ಚು ಅನ್ನ ಮಾಡುತ್ತಾರೆ. ಇದನ್ನು ಚಿತ್ರದಲ್ಲಿ ಬರೆದರೆ ಬಜೆಟ್ ರೇಖೆ, ಅಂದರೆ ಆ ಮನೆಯ ಕೈಗೆಟಕುವ ಅಕ್ಕಿ ಮತ್ತು ಇತರ ಖರ್ಚಿನ ಜೋಡಣೆಗಳನ್ನು ತೋರಿಸುವ ಗೆರೆ, ನೇರವಾಗಿರುವುದಿಲ್ಲ, 20 ಕೆ.ಜಿ.ಯ ಬಳಿ ಅದು ಮುರಿದು ಮೂಲೆಯೊಂದು ಹುಟ್ಟುತ್ತದೆ. ಮೂಲೆಯ ಒಂದು ಬದಿಯಲ್ಲಿ ಅಕ್ಕಿಯ ಬೆಲೆ 15, ಇನ್ನೊಂದು ಬದಿಯಲ್ಲಿ 50. ಬಹಳಷ್ಟು ಕುಟುಂಬಗಳು ಸರಿಯಾಗಿ ಆ ಮೂಲೆಯಲ್ಲೇ ನಿಲ್ಲಬಹುದು, ಅಂದರೆ ಕೊಟ್ಟಷ್ಟನ್ನೂ ಉಣ್ಣುತ್ತವೆ, ಮಾರುವುದೂ ಇಲ್ಲ, ಹೆಚ್ಚಿಗೆ ಕೊಳ್ಳುವುದೂ ಇಲ್ಲ.

ನಮ್ಮ ವಿದ್ಯಾರ್ಥಿ ಬಾಯಿಪಾಠ ಮಾಡಿರುವ ಸೂತ್ರ ಇಲ್ಲಿಯೇ ಕೈಕೊಡುತ್ತದೆ. ಔದಾಸೀನ್ಯ ವಕ್ರರೇಖೆಯೂ (ಸಮಾನ ತೃಪ್ತಿ ಕೊಡುವ ಜೋಡಣೆಗಳ ಗೆರೆ) ಬಜೆಟ್ ರೇಖೆಯೂ ಸ್ಪರ್ಶಿಸುವ ಬಿಂದುವಿನಲ್ಲಿ ಗ್ರಾಹಕ ಸಮತೋಲನದಲ್ಲಿರುತ್ತಾನೆ, ಅಲ್ಲಿ ಸೀಮಾಂತ ಬದಲಿ ದರ (ಒಂದು ವಸ್ತು ಇನ್ನಷ್ಟು ಸಿಗಲು ಅವನು ಬಿಟ್ಟುಕೊಡಲು ಒಪ್ಪುವ ಇನ್ನೊಂದರ ಪ್ರಮಾಣ) ಬೆಲೆಗಳ ಅನುಪಾತಕ್ಕೆ ಸಮವಾಗಿರುತ್ತದೆ ಎಂದು ಅವನು ಬರೆಯುತ್ತಾನೆ, ಚಿತ್ರ ಬಿಡಿಸುತ್ತಾನೆ, ಪೂರ್ಣ ಅಂಕ ಪಡೆಯುತ್ತಾನೆ. ಮೂಲೆಯಲ್ಲಿ ಇಳಿಜಾರು ಎಂಬುದೇ ಒಂದಿಲ್ಲ, ಎರಡಿವೆ. ಆದ್ದರಿಂದ ಅಲ್ಲಿ ಸಮತೆಯ ಮಾತಿಲ್ಲ. ಆ ಮನೆಯವರಿಗೆ ಇನ್ನೊಂದು ಕೆ.ಜಿ. ಅಕ್ಕಿಯ ಬೆಲೆ 15 ಮತ್ತು 50ರ ನಡುವೆ ಎಲ್ಲೋ ಇದೆ ಎಂಬ ಅಸಮತೆಯಷ್ಟೇ ಉಳಿಯುತ್ತದೆ. ಇಂಥ ಅಸಮತೆಗಳನ್ನು ನಿಭಾಯಿಸುವ ಗಣಿತಕ್ಕೆ ಕುನ್–ಟಕ್ಕರ್ ನಿಬಂಧನೆಗಳು ಎಂದು ಹೆಸರು; ಉನ್ನತ ಸೂಕ್ಷ್ಮ ಅರ್ಥಶಾಸ್ತ್ರದ ಪಠ್ಯದಲ್ಲಿ ಅದು ಮೊದಲ ಕೆಲವು ವಾರಗಳ ವಿಷಯ. ಅದನ್ನು ಬಲ್ಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಲ್ಲರು. ನಗದು ಸಿಕ್ಕಾಗ 11 ಕೆ.ಜಿ.ಗಿಂತ ಹೆಚ್ಚು ಕೊಂಡ ಮನೆಗೆ ಅಕ್ಕಿಯೇ ಮೇಲು. ಅಕ್ಕಿ ಸಿಕ್ಕಾಗಲೂ ಅದಕ್ಕಿಂತ ಕಡಿಮೆ ಉಳಿಸಿಕೊಂಡ ಮನೆಗೆ ನಗದೇ ಮೇಲು. ನಡುವೆ ಇನ್ನೊಂದು ಗುಂಪಿದೆ: ನಗದು ಸಿಕ್ಕರೆ ಕಡಿಮೆ ಕೊಳ್ಳುವ, ಅಕ್ಕಿ ಸಿಕ್ಕರೆ ಹೆಚ್ಚು ಉಣ್ಣುವ ಮನೆಗಳು. ಅವರ ವಿಷಯದಲ್ಲಿ, ಅವರ ಆಯ್ಕೆಯ ಸ್ವರೂಪ ತಿಳಿಯದೆ ಯಾರೂ ತೀರ್ಪು ಕೊಡಲಾರರು. ಟಿ.ವಿ. ಚರ್ಚೆಯಲ್ಲಿ ಎರಡೂ ಕಡೆಯವರು ದನಿ ಎತ್ತರಿಸುವುದು ಬಹುಮಟ್ಟಿಗೆ ಈ ಮೂರನೆಯ ಗುಂಪಿನ ಪರವಾಗಿ ಮಾತಾಡುತ್ತಿದ್ದೇವೆ ಎಂಬ ನಂಬಿಕೆಯಿಂದ.

ಈ ಇಡೀ ತರ್ಕದಲ್ಲಿ ವಿದೇಶಿ ಎನ್ನಬಹುದಾದದ್ದು ಗಣಿತಜ್ಞರ ಹೆಸರು ಮಾತ್ರ. ಉನ್ನತ ವಿಶ್ಲೇಷಣೆ ಎಂದರೆ ಅಮೆರಿಕದ ಪಿಎಚ್‌.ಡಿ.ಗೆ ಹೋಗುವವರ ತಯಾರಿ ಎಂಬ ಭಾವನೆ ನಮ್ಮ ಅಧ್ಯಾಪಕ ವಲಯದಲ್ಲೇ ಗಟ್ಟಿಯಾಗಿದೆ. ತಾಲ್ಲೂಕು ಕೇಂದ್ರದ ಕಾಲೇಜಿನ ಮಕ್ಕಳಿಗೆ ಇದೆಲ್ಲ ಏಕೆ ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಪಡಿತರದ ಸಾಲಿನಲ್ಲಿ ನಿಂತು ಬಂದವರು ಆ ಮಕ್ಕಳೇ ಎಂಬುದು ಕೇಳಿದವರಿಗೆ ಹೊಳೆದಿರುವುದಿಲ್ಲ.

ಗಣಿತ ತಪ್ಪಿಹೋಗುವುದು ಪದವಿಗೆ ಬರುವ ಎರಡು ವರ್ಷ ಮೊದಲು. ಎಸ್ಸೆಸ್ಸೆಲ್ಸಿವರೆಗೆ ಎಲ್ಲರಿಗೂ ಗಣಿತವಿದೆ. ಪಿಯುಸಿಯಲ್ಲಿ ಕಲಾ ವಿಭಾಗದ ಎಚ್‌ಇಪಿಎಸ್ ತೆಗೆದುಕೊಂಡವರು, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದುವವರು, ಆ ದಿನದಿಂದ ಗಣಿತಕ್ಕೆ ಕೈಮುಗಿಯುತ್ತಾರೆ. ಅನೇಕರು ಆ ಕಾಂಬಿನೇಷನ್ ಆರಿಸಿಕೊಳ್ಳುವುದೇ ಅದಕ್ಕಾಗಿ. ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ತೆಗೆದುಕೊಂಡವರು ಸಾಮಾನ್ಯವಾಗಿ ಬಿ.ಕಾಂ.ಗೆ ಹೋಗುತ್ತಾರೆ, ವಿಜ್ಞಾನ ವಿಭಾಗದಲ್ಲಿ ಗಣಿತ ಓದಿದವರು ಎಂಜಿನಿಯರಿಂಗ್ ಬಿಟ್ಟು ಇತ್ತ ತಿರುಗಿ ನೋಡುವುದು ಅಪರೂಪ. ಹೀಗೆ ಗಣಿತ ಬಲ್ಲವರು ಒಂದು ದಾರಿಗೆ, ಅರ್ಥಶಾಸ್ತ್ರ ಓದುವವರು ಇನ್ನೊಂದು ದಾರಿಗೆ ಹೋದ ಮೇಲೆ, ಬಿ.ಎ. ತರಗತಿಯಲ್ಲಿ ಅವಕಲನದ (ಡಿಫರೆನ್ಸಿಯೇಷನ್) ಮಾತೆತ್ತಿದರೆ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಅಧ್ಯಾಪಕರು, ಅವರಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು, ಅದನ್ನು ತಪ್ಪಿಸಲು ಸಮೀಕರಣ ಬಿಟ್ಟು ಚಿತ್ರ ಹೇಳುತ್ತಾರೆ. ಚಿತ್ರವೂ ಕಷ್ಟವಾದಾಗ ವ್ಯಾಖ್ಯೆಗಳನ್ನು ಬರೆಸುತ್ತಾರೆ. ಅರ್ಥಶಾಸ್ತ್ರ ಎಂದರೇನು ಎಂಬುದಕ್ಕೆ ಮಾರ್ಷಲ್ ಏನೆಂದ, ರಾಬಿನ್ಸ್ ಏನೆಂದ ಎಂಬುದು ಹತ್ತು ಅಂಕದ ಪ್ರಶ್ನೆಯಾಗಿ ಉಳಿದು ಬಂದಿರುವುದು ಹೀಗೆ.

ಮೌಲ್ಯಮಾಪನಕ್ಕೆ ಕುಳಿತಾಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಒಂದು ಕಟ್ಟಿನ ಹತ್ತಾರು ಉತ್ತರ ಪತ್ರಿಕೆಗಳಲ್ಲಿ ಬಜೆಟ್ ರೇಖೆಯೂ ವಕ್ರರೇಖೆಯೂ ಒಂದೇ ತಪ್ಪು ರೀತಿಯಲ್ಲಿ, ಎರಡು ಕಡೆ ಒಂದನ್ನೊಂದು ಕತ್ತರಿಸುತ್ತಿದ್ದವು, ಮತ್ತು ಎಲ್ಲರೂ ಮೇಲಿನ ಕತ್ತರಿಯ ಬಿಂದುವನ್ನು ಸಮತೋಲನ ಎಂದು ಗುರುತಿಸಿದ್ದರು. ಯಾವುದೋ ಗೈಡಿನ ಅಚ್ಚಿನ ದೋಷ ಅದು. ಸ್ಪರ್ಶ ಎಂದರೇನು ಎಂದು ಒಮ್ಮೆ ಲೆಕ್ಕ ಮಾಡಿ ತಿಳಿದವರು ಆ ಚಿತ್ರವನ್ನು ನಕಲು ಮಾಡುವಾಗ ತಡವರಿಸುತ್ತಿದ್ದರು. ಕೊಟ್ಟ ಸ್ಕೀಮಿನ ಪ್ರಕಾರ ಚಿತ್ರಕ್ಕೆ ಎರಡು ಅಂಕ; ನಾವೂ ಕೊಟ್ಟೆವು.

ಪಠ್ಯಕ್ರಮ ಈ ಕೊರತೆಯನ್ನು ಕಂಡಿರಲಿಲ್ಲ ಎಂದಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021–22ರಲ್ಲಿ ಪದವಿ ತರಗತಿಗಳಿಗೆ ಎಲ್ಲರಿಗಿಂತ ಮೊದಲು ಅಳವಡಿಸಿಕೊಂಡ ರಾಜ್ಯ ಕರ್ನಾಟಕ. ಆಗ ಬಂದ ನಾಲ್ಕು ವರ್ಷದ ಆನರ್ಸ್ ಚೌಕಟ್ಟಿನಲ್ಲಿ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತ, ಸಂಖ್ಯಾಶಾಸ್ತ್ರಗಳಿಗೆ ಪ್ರತ್ಯೇಕ ಪತ್ರಿಕೆಗಳಿದ್ದವು. ನಾಲ್ಕನೆಯ ವರ್ಷ ಉನ್ನತ ವಿಷಯಗಳಿಗೆ, ಸಂಶೋಧನೆಗೆ ಎಂಬ ಕಲ್ಪನೆಯಿತ್ತು. 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು, ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ 2024–25ರಿಂದ ಮೂರು ವರ್ಷದ ಪದವಿಗೆ ಮರಳುವ ಆದೇಶ ಹೊರಡಿಸಿತು. ಬಡ ಕುಟುಂಬಕ್ಕೆ ಒಂದು ವರ್ಷದ ಓದು ಎಂದರೆ ಒಂದು ವರ್ಷದ ದುಡಿಮೆಯ ನಷ್ಟ. ಅವಕಾಶ ವೆಚ್ಚ ಎಂದು ನಾವೇ ಹೆಸರಿಟ್ಟು ಕಲಿಸುವ ಸಂಗತಿ ಅದು. ಆದ್ದರಿಂದ ಮೂರು ವರ್ಷಕ್ಕೆ ಮರಳಿದ್ದನ್ನು ನಾನು ತಪ್ಪೆನ್ನಲಾರೆ. ತೊಂದರೆ ಇರುವುದು ಬೇರೆಡೆ. ಉನ್ನತ ವಿಶ್ಲೇಷಣೆಯನ್ನು ನಾಲ್ಕನೆಯ ವರ್ಷದ ಮೂಟೆಗೆ ಕಟ್ಟಿದ್ದರಿಂದ, ಆ ವರ್ಷ ಹೋದಾಗ ಮೂಟೆಯೂ ಹೋಯಿತು. ಗಣಿತ ಪತ್ರಿಕೆ ಬಂದಿದ್ದ ಕಡೆಗಳಲ್ಲೂ ಅದು ಒಂದು ಪ್ರತ್ಯೇಕ ದ್ವೀಪವಾಗಿತ್ತು: ಅಲ್ಲಿ ಮ್ಯಾಟ್ರಿಕ್ಸ್ ಬಿಡಿಸಿದ ವಿದ್ಯಾರ್ಥಿ, ಪಕ್ಕದ ಸೂಕ್ಷ್ಮ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಅದನ್ನು ಒಮ್ಮೆಯೂ ಬಳಸದೆ ಪರೀಕ್ಷೆ ಮುಗಿಸಬಹುದಾಗಿತ್ತು.

ಬೇರೆಡೆ ಈ ಸಮಸ್ಯೆಯನ್ನು ಬಾಗಿಲಲ್ಲೇ ತಡೆದಿದ್ದಾರೆ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಅರ್ಥಶಾಸ್ತ್ರ ಆನರ್ಸ್‌ಗೆ ಸೇರಬೇಕಾದರೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಲೇಬೇಕು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಪದವಿಗೂ ಇದೇ ಬಗೆಯ ನಿಯಮವಿದೆ. ಆ ಸಂಸ್ಥೆಯಲ್ಲಿ ಓದಿದ ಅಂಬೇಡ್ಕರರ ಹೆಸರಿನಲ್ಲಿ, ಅದನ್ನೇ ಮಾದರಿಯಾಗಿಟ್ಟುಕೊಂಡು, ರಾಜ್ಯ ಸರ್ಕಾರ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ಕಟ್ಟಿದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ 2017ರಲ್ಲಿ ಐದು ವರ್ಷದ ಸಂಯೋಜಿತ ಎಂ.ಎಸ್ಸಿ.ಯೊಂದಿಗೆ ಪಾಠ ಆರಂಭಿಸಿತು. ಇಂಥ ಒಂದೆರಡು ಸಂಸ್ಥೆಗಳು ಬೇಕು, ಆದರೆ ಅವು ಕಲಿಸುವುದು ಕೆಲವು ನೂರು ಜನರಿಗೆ. ದೆಹಲಿಯ ನಿಯಮವನ್ನು ರಾಜ್ಯದ ಎಲ್ಲ ಕಾಲೇಜುಗಳಿಗೆ ತಂದರೆ ಏನಾದೀತು ಎಂಬುದನ್ನು ಊಹಿಸಲು ಕಷ್ಟವಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅರ್ಥಶಾಸ್ತ್ರ ವಿಭಾಗಗಳಿಗೆ ಮಕ್ಕಳೇ ಇರುವುದಿಲ್ಲ, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದ, ಪಿಯುಸಿಯಲ್ಲಿ ಗಣಿತದ ಕಾಂಬಿನೇಷನ್ನೇ ಇಲ್ಲದ ಹತ್ತಿರದ ಕಾಲೇಜಿಗೆ ಸೇರಬೇಕಾಗಿ ಬಂದ ಹೆಣ್ಣುಮಕ್ಕಳು ಮೊದಲು ಹೊರಗುಳಿಯುತ್ತಾರೆ.

ಗಣಿತ ಹೆಚ್ಚಾದರೆ ಅರ್ಥಶಾಸ್ತ್ರ ಬದುಕಿನಿಂದ ದೂರವಾಗುತ್ತದೆ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಸತ್ಯವೂ ಇದೆ. 2000ದಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ತಮಗೆ ಕಲಿಸುತ್ತಿರುವುದು ಕಲ್ಪನಾಲೋಕದ ಅರ್ಥಶಾಸ್ತ್ರ ಎಂದು ಬಹಿರಂಗ ಪತ್ರ ಬರೆದರು. 2008ರ ಹಣಕಾಸು ಕುಸಿತದ ನಂತರ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ಪಠ್ಯಕ್ರಮ ಬದಲಿಸುವಂತೆ ಒತ್ತಾಯಿಸಿದರು. ಸ್ವತಃ ಗಣಿತದಲ್ಲಿ ಪಳಗಿದ್ದ ಆಲ್ಫ್ರೆಡ್ ಮಾರ್ಷಲ್ 1906ರಲ್ಲಿ ತನ್ನ ಮಿತ್ರನಿಗೆ ಬರೆದ ಪತ್ರದಲ್ಲಿ, ಗಣಿತವನ್ನು ಶೀಘ್ರಲಿಪಿಯಂತೆ ಬಳಸಿ, ಫಲಿತಾಂಶವನ್ನು ಸಾಮಾನ್ಯ ಭಾಷೆಗೆ ತಂದು, ಬದುಕಿನ ನಿದರ್ಶನ ಕೊಟ್ಟು, ಆಮೇಲೆ ಗಣಿತವನ್ನು ಸುಟ್ಟುಬಿಡಿ ಎಂಬ ಅರ್ಥದ ಸಲಹೆ ಕೊಟ್ಟಿದ್ದ. ಮಾರ್ಷಲ್ಲನ ವ್ಯಾಖ್ಯೆಯನ್ನು ಕಂಠಪಾಠ ಮಾಡಿಸುವ ನಾವು ಅವನ ಈ ಮಾತನ್ನೂ ನಮಗೆ ಅನುಕೂಲವಾಗಿ ಬಳಸಿಕೊಳ್ಳುತ್ತೇವೆ. ಆದರೆ ಸುಡುವ ಮೊದಲು ಬರೆಯಬೇಕೆಂಬುದು ಅವನ ಮೊದಲ ಷರತ್ತು. ಪ್ಯಾರಿಸ್ಸಿನವರ ದೂರು ಗಣಿತ ಅತಿಯಾಯಿತೆಂದು. ನಮ್ಮ ಕೊರತೆ ಅದು ಇಲ್ಲದಿರುವುದು. ಉಂಡು ಅಜೀರ್ಣವಾದವನ ಪಥ್ಯವನ್ನು ಹಸಿದವನಿಗೆ ಹೇಳುವುದು ಸಲ್ಲದು.

ಗಣಿತದಷ್ಟೇ ಮುಖ್ಯವಾದ ಇನ್ನೊಂದು ಅಂಗ ಅರ್ಥಮಿತಿ, ಅಂದರೆ ದತ್ತಾಂಶದಿಂದ ಕಾರಣವನ್ನು ಹುಡುಕುವ ವಿದ್ಯೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಇದರಿಂದ ಹೆಂಗಸರ ಉದ್ಯೋಗ ಹೆಚ್ಚಿತೇ? ಯೋಜನೆಗೆ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಆ ನಡುವೆ ಮಳೆ, ಬೆಲೆ, ಅದೇ ವರ್ಷದ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ, ಎಲ್ಲವೂ ಬದಲಾಗಿವೆ. ಯೋಜನೆ ಒಂದೇ ದಿನ ಇಡೀ ರಾಜ್ಯಕ್ಕೆ ಬಂದದ್ದರಿಂದ ಹೋಲಿಸಲು ಯೋಜನೆ ಇಲ್ಲದ ಜಿಲ್ಲೆ ಎಂಬುದೂ ಇಲ್ಲ. ಆದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬಸ್ಸು ಎಂದರೆ ಬಹುತೇಕ ಖಾಸಗಿ ಬಸ್ಸು. ಅಲ್ಲಿ ಯೋಜನೆಯ ಪ್ರಯೋಜನ ತೆಳುವಾಗಿ ತಲುಪಿತು. ಹಾಗಾದರೆ ಕರಾವಳಿಯಲ್ಲಿ ಆದ ಬದಲಾವಣೆಯನ್ನೂ ಸರ್ಕಾರಿ ಬಸ್ಸೇ ಆಧಾರವಾಗಿರುವ ಒಳನಾಡಿನ ಬದಲಾವಣೆಯನ್ನೂ ಹೋಲಿಸಿ, ವ್ಯತ್ಯಾಸಗಳ ನಡುವಿನ ವ್ಯತ್ಯಾಸವನ್ನು ತೆಗೆಯಬಹುದೇ? ತೆಗೆಯಬಹುದು, ಯೋಜನೆ ಬಾರದೆ ಇದ್ದಿದ್ದರೆ ಎರಡೂ ಕಡೆಯ ಉದ್ಯೋಗದ ಗತಿ ಒಂದೇ ಸಮನೆ ಸಾಗುತ್ತಿತ್ತು ಎಂದು ನಂಬಬಹುದಾದರೆ. ಬೀಡಿ, ಮೀನುಗಾರಿಕೆ, ಗಲ್ಫ್‌ನಿಂದ ಬರುವ ಹಣ ಇರುವ ಕರಾವಳಿಯ ಬಗ್ಗೆ ಹಾಗೆ ನಂಬುವುದು ಸುಲಭವಲ್ಲ. ಈ ಅನುಮಾನವನ್ನು ಸ್ಪಷ್ಟವಾಗಿ ಹೇಳಲು, ಅದನ್ನು ಹಿಂದಿನ ವರ್ಷಗಳ ಅಂಕಿಗಳಿಂದ ಪರೀಕ್ಷಿಸಲು ಬರುವುದೇ ಉನ್ನತ ವಿಶ್ಲೇಷಣೆ.

ಇದಕ್ಕೆ ಬೇಕಾದ ಸಾಮಗ್ರಿ ಇಂದು ಹಣ ಕೊಡದೆ ಸಿಗುತ್ತದೆ. 2017–18ರಿಂದ ನಡೆಯುತ್ತಿರುವ ನಿಯತಕಾಲಿಕ ಶ್ರಮಬಲ ಸಮೀಕ್ಷೆಯ ಕುಟುಂಬವಾರು ದತ್ತಾಂಶವನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಓದುವ ಆರ್ ತಂತ್ರಾಂಶವೂ ಉಚಿತ. 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ತಲಾ ಮಾಸಿಕ ವೆಚ್ಚ 3,773 ರೂಪಾಯಿ. ಕಲ್ಯಾಣ ಯೋಜನೆಗಳಿಂದ ಉಚಿತವಾಗಿ ಸಿಕ್ಕ ವಸ್ತುಗಳಿಗೂ ಬೆಲೆ ಕಟ್ಟಿ ಸೇರಿಸಿದರೆ ಅದು 3,860. ಆ 87 ರೂಪಾಯಿಯ ಒಳಗೆ ಪಡಿತರ ಅಕ್ಕಿಯೂ ಇದೆ. ಅದಕ್ಕೆ ಯಾವ ಬೆಲೆ ಕಟ್ಟಬೇಕು, ಅಂಗಡಿಯ 50 ರೂಪಾಯಿಯೋ, ಸರ್ಕಾರದ 34 ರೂಪಾಯಿಯೋ, ಮಾರಿದರೆ ಸಿಗುವ 15 ರೂಪಾಯಿಯೋ ಎಂದು ಕೇಳಬಲ್ಲ ವಿದ್ಯಾರ್ಥಿ ಮೂಲೆಯ ಪಾಠವನ್ನು ಮರೆತಿಲ್ಲ ಎಂದು ತಿಳಿಯಬಹುದು. ಇಂಥ ಪ್ರಶ್ನೆಗಳಿಗೆ ನಮ್ಮಲ್ಲಿ ಪರಂಪರೆಯೂ ಇದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳ ಮೇಲೆ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು, ಅದೇ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದ ಸಮಿತಿ ರಚನೆಯಾಯಿತು. 114 ಎಂಬ ಸಂಖ್ಯೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಎಲ್ಲರಿಗೂ ಬಾಯಿಗೆ ಬರುತ್ತದೆ. ಸೂಚಕಗಳ ತೂಕ ಬದಲಿಸಿದರೆ ಯಾವ ತಾಲ್ಲೂಕು ಪಟ್ಟಿಯೊಳಗೆ ಬರುತ್ತದೆ, ಯಾವುದು ಹೊರಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾಡಿ ನೋಡಿದ ಪದವಿ ತರಗತಿ ನನಗೆ ಸಿಕ್ಕಿಲ್ಲ.

ಭಾಷೆಯ ತೊಡಕನ್ನು ಕಡೆಗಣಿಸುವಂತಿಲ್ಲ. ತುಷ್ಟಿಗುಣ, ಸ್ಥಿತಿಸ್ಥಾಪಕತ್ವ, ಅವಕಾಶ ವೆಚ್ಚದಂಥ ಮೊದಲ ಹಂತದ ಪದಗಳು ಕನ್ನಡದಲ್ಲಿ ನೆಲೆ ನಿಂತಿವೆ. ಅದರಾಚೆ ಒಂದೊಂದು ಪುಸ್ತಕಕ್ಕೆ ಒಂದೊಂದು ಪದ. ಔದಾಸೀನ್ಯ ವಕ್ರರೇಖೆಗೇ ಹಲವು ಹೆಸರುಗಳಿವೆ, ಇನ್ನು ಕುನ್–ಟಕ್ಕರ್ ಮಟ್ಟದ ಗಣಿತವನ್ನು ಹೇಳುವ ಕನ್ನಡ ಪಠ್ಯ ನನ್ನ ಕೈಗೆ ಬಂದಿಲ್ಲ. ಮುಂದಿನ ಹಾದಿಯ ಪರೀಕ್ಷೆಗಳಾದ, 2021ರಿಂದ ಅರ್ಥಶಾಸ್ತ್ರವನ್ನೂ ಸೇರಿಸಿಕೊಂಡ ಐಐಟಿ ಜ್ಯಾಮ್ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಮತ್ತು ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆ, ಇಂಗ್ಲಿಷಿನಲ್ಲೇ ಇವೆ. ಇಲ್ಲಿ ಗಣಿತ ನಮ್ಮ ಪರವಾಗಿ ನಿಲ್ಲುತ್ತದೆ ಎಂಬುದು ನನ್ನ ಅನುಭವ. ಇಂಗ್ಲಿಷ್ ಪುಸ್ತಕದ ಎರಡು ಪುಟದ ವಿವರಣೆಯಲ್ಲಿ ದಾರಿ ತಪ್ಪುವ ಹುಡುಗಿ, ಅದೇ ಮಾತು ಎರಡು ಸಾಲಿನ ಸಮೀಕರಣವಾಗಿ ಬಂದಾಗ, ಅದನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳಿದರೆ, ಮುಂದಿನದನ್ನು ತಾನೇ ಮಾಡುತ್ತಾಳೆ. ಸಮೀಕರಣಕ್ಕೆ ಮಾಧ್ಯಮದ ಹಂಗಿಲ್ಲ.

ಬಾಗಿಲು ಮುಚ್ಚದೆ ಮಟ್ಟ ಏರಿಸಬೇಕಾದರೆ ಮೂರು ವರ್ಷದ ಪದವಿಯ ಮೊದಲ ಸೆಮಿಸ್ಟರಿನಲ್ಲೇ, ಅರ್ಥಶಾಸ್ತ್ರದ ಅಧ್ಯಾಪಕರೇ ಕಲಿಸುವ ಒಂದು ಸೇತುವೆ ಪತ್ರಿಕೆ ಬೇಕು. ಗಣಿತ ವಿಭಾಗಕ್ಕೆ ಅದನ್ನು ಒಪ್ಪಿಸಿದರೆ ಮತ್ತೊಂದು ದ್ವೀಪ ಹುಟ್ಟುತ್ತದೆ. ಅದರಲ್ಲಿ ತುಂಬ ಇರಬೇಕಾಗಿಲ್ಲ: ಸರಳರೇಖೆ ಮತ್ತು ಇಳಿಜಾರು, ಒಂದೆರಡು ಚರಗಳ ಅವಕಲನ, ಮಿತಿಯೊಳಗೆ ಗರಿಷ್ಠವನ್ನು ಹುಡುಕುವುದು, ಸರಾಸರಿ ಮತ್ತು ಚದುರಿಕೆ, ಸಹಸಂಬಂಧಕ್ಕೂ ಕಾರಣಕ್ಕೂ ಇರುವ ಅಂತರ. ಎರಡನೆಯ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಅದನ್ನು ಬಳಸದೆ ಉತ್ತರಿಸಲಾಗದ ಒಂದು ಪ್ರಶ್ನೆ ಕಡ್ಡಾಯವಾಗಿರಬೇಕು. ಪರೀಕ್ಷೆ ಬದಲಾಗದೆ ನಮ್ಮಲ್ಲಿ ಪಾಠ ಬದಲಾದ ಉದಾಹರಣೆ ಇಲ್ಲ. ಮೂರನೆಯ ವರ್ಷದಲ್ಲಿ ದತ್ತಾಂಶದ ಒಂದು ಪ್ರಾಯೋಗಿಕ ಪತ್ರಿಕೆ. ಇದಕ್ಕೆ ಅಧ್ಯಾಪಕರಿಗೆ ತರಬೇತಿ ಬೇಕು, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಂಥವು ಆ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಪ್ರತಿ ವರ್ಷ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವ ಅತಿಥಿ ಉಪನ್ಯಾಸಕರಿಂದ ಮಾತ್ರ ಇದನ್ನು ನಿರೀಕ್ಷಿಸಲಾಗದು. ಈ ಸುಧಾರಣೆಯ ನಿಜವಾದ ಖರ್ಚು ಅಲ್ಲಿದೆ, ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಅಲ್ಲ.

ಅಕ್ಕಿಯ ಲೆಕ್ಕವನ್ನು ನಾನು ಒಮ್ಮೆ ಎರಡನೆಯ ವರ್ಷದ ಬಿ.ಎ. ತರಗತಿಯ ಕಪ್ಪುಹಲಗೆಯ ಮೇಲೆ ಬಿಡಿಸಿದ್ದೆ. ಮೂಲೆಯ ಬಿಂದುವಿಗೆ ಬಂದಾಗ, ಪಿಯುಸಿಯಲ್ಲಿ ಗಣಿತ ಓದದ ಹುಡುಗಿಯೊಬ್ಬಳು ಎದ್ದು, "ಸರ್, ನೀವು 15 ರೂಪಾಯಿ ಅಂತ ಹಾಕಿದ್ದೀರಿ, ನಮ್ಮೂರಲ್ಲಿ ಅಕ್ಕಿ ಕೊಟ್ಟ ವಾರ 12, ತಿಂಗಳ ಕೊನೆಗೆ 18" ಎಂದಳು. ರೇಖೆಯನ್ನು ಅಳಿಸಿ ಎರಡು ಸಲ ಹೊಸದಾಗಿ ಎಳೆಯಬೇಕಾಯಿತು. ಎರಡನೆಯದನ್ನು ಅವಳೇ ಎಳೆದಳು.